ಏಳು ವರ್ಷದ ಜೋಪಾನ

ಹುಳಿಮಾವಿನ ಹೆಂಗಸರಿಗೆ ಅರ್ಪಿತಳನ್ನು ಕಂಡರೆ ಹೊಟ್ಟೆಯುರಿ. ಬೈರಣ್ಣನ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳು ಒಲೆಯ ಮುಂದೆ ನಿಂತವಳಲ್ಲ, ಬಾವಿಯ ಕಡೆ ಹೋದವಳಲ್ಲ, ಮಹಡಿ ಹತ್ತಿ ಒಂದು ಬಟ್ಟೆ ಒಣಗಿಸಿದವಳಲ್ಲ. ಅತ್ತೆ ಸೊಣ್ಣಮ್ಮನೇ ಬೆಳಿಗ್ಗೆ ಎದ್ದು ಹಾಲು ಕಾಯಿಸಿ, ಮುದ್ದೆ ತಿರುವಿ, ಸೊಸೆಯ ತಟ್ಟೆಗೆ ಬಡಿಸಿ, ಅವಳು ಉಂಡು ಕೈ ತೊಳೆಯುವವರೆಗೆ ಎದುರಿಗೇ ಕೂತಿರುತ್ತಿದ್ದಳು. "ಏನ್ ಪುಣ್ಯ ಮಾಡಿದ್ಲೋ ಮಾರಾಯ್ತಿ, ಅತ್ತೆ ಕೈಲಿ ಸೇವೆ ಮಾಡಿಸ್ಕೊಳ್ತಾಳೆ" ಎಂದು ಸಪ್ಪಲಮ್ಮನ ಗುಡಿಯ ಕಟ್ಟೆಯಲ್ಲಿ ಕೂತವರು ಆಡಿಕೊಳ್ಳುತ್ತಿದ್ದರು.

ಪುಣ್ಯವಂತೆ ಪುಣ್ಯ! ಆ ಮನೆಯಲ್ಲಿ ಅರ್ಪಿತಳನ್ನು ಜೋಪಾನ ಮಾಡುತ್ತಿದ್ದದ್ದು ಪ್ರೀತಿಗಲ್ಲ. ಅವಳು ಸತ್ತರೆ ತಾವು ಜೈಲಿಗೆ ಹೋಗಬೇಕಾಗುತ್ತದೆ ಎಂಬ ಒಂದೇ ಒಂದು ಭಯಕ್ಕೆ. ಅದೂ ಏಳು ವರ್ಷದ ಮಟ್ಟಿಗೆ.

ಯಾಕೆಂದರೆ ಆ ಮನೆಯಲ್ಲಿ ಅವಳಿಗಿಂತ ಮೊದಲು ಇನ್ನೊಬ್ಬಳಿದ್ದಳು. ನಾಗವೇಣಿ, ಅರ್ಪಿತಳ ಗಂಡ ಶಿವರಾಮನ ಮೊದಲ ಹೆಂಡತಿ. ತೊಂಬತ್ತೊಂದರಲ್ಲಿ, ಮದುವೆಯಾದ ಮೂರನೇ ವರ್ಷದಲ್ಲಿ, ಅಡುಗೆಮನೆಯಲ್ಲಿ ಸೀಮೆಎಣ್ಣೆ ಸ್ಟವ್ ಸಿಡಿದು ಸುಟ್ಟು ಸತ್ತಳು. ಸ್ಟವ್ ಸಿಡಿಯಿತು ಎಂದದ್ದು ಬೈರಣ್ಣ. ಪೊಲೀಸರು ನಂಬದೆ ಬೈರಣ್ಣ, ಸೊಣ್ಣಮ್ಮ, ಶಿವರಾಮ್ ಮೂವರನ್ನೂ ಒಳಗೆ ಹಾಕಿದರು. ಎಮ್ಮೆ ಕಟ್ಟಿಕೊಂಡು, ರಾಗಿ ಬೆಳೆದುಕೊಂಡು, ಆಮೇಲೆ ಹೊಲವನ್ನೆಲ್ಲ ಲೇಔಟ್ ಮಾಡಿ ಮಾರಿ ಮೂರು ಅಂತಸ್ತಿನ ಮನೆ ಕಟ್ಟಿಸಿದ್ದ ಸೊಣ್ಣಮ್ಮ ಸೆಂಟ್ರಲ್ ಜೈಲಿನ ತಟ್ಟೆಯಲ್ಲಿ ಒಂದು ಬೇಸಿಗೆ ಪೂರ್ತಿ ಉಂಡಳು. ಅಲ್ಲಿಂದ ಬಂದವಳಿಗೆ ದೇವರ ಹೆಸರು ಮರೆತರೂ ಏಳು ವರ್ಷ ಎಂಬ ಮಾತು ಮರೆಯಲಿಲ್ಲ.

ಕಾನೂನೇನೂ ಕೆಟ್ಟದ್ದಲ್ಲ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ಸತ್ತರೆ, ಸಾಯುವುದಕ್ಕೆ ಸ್ವಲ್ಪ ಮುಂಚೆ ಅವಳನ್ನು ವರದಕ್ಷಿಣೆಗಾಗಿ ಪೀಡಿಸಿದ್ದರೆಂದು ಸಾಕ್ಷಿಯಿಂದ ಕಂಡುಬಂದರೆ ಸಾಕು, ಗಂಡನ ಮನೆಯವರೇ ಸಾವಿಗೆ ಕಾರಣ ಎಂದು ಕೋರ್ಟು ಭಾವಿಸಲೇಬೇಕು. ನಾವಲ್ಲ ಎಂದು ಸಾಬೀತು ಮಾಡುವ ಹೊರೆ ಅವರದು. ನಾಲ್ಕು ಗೋಡೆಯ ಒಳಗೆ ಬೆಂದವಳ ಪರ ಸಾಕ್ಷಿ ಹೇಳಲು ಯಾರಿರುತ್ತಾರೆ ಎಂದು ಯೋಚಿಸಿದ ಯಾರೋ ಪುಣ್ಯಾತ್ಮರು ಬರೆದ ಕಾನೂನು. ಆದರೆ 'ಪೀಡಿಸಿದ್ದರು' ಎಂದು ಹೇಳುವುದಕ್ಕಾದರೂ ಒಂದು ಬಾಯಿ ಬೇಕಲ್ಲ? ನಾಗವೇಣಿಯ ಅಣ್ಣನಿಗೆ ಬೈರಣ್ಣ ಹುಳಿಮಾವಿನಲ್ಲೇ ಒಂದು ಮೂಲೆ ಸೈಟು ಬರೆದುಕೊಟ್ಟ. ಅಪ್ಪ, ಅಮ್ಮ, ಅಣ್ಣ ಮೂವರೂ ಕಟಕಟೆಯಲ್ಲಿ ನಿಂತು, "ಅವರು ಏನೂ ಕೇಳಿರ್ಲಿಲ್ಲ ಸ್ವಾಮಿ, ನಮ್ ಹುಡುಗೀಗೇ ಸ್ಟವ್ ಹಚ್ಚೋಕೆ ಬರ್ತಿರ್ಲಿಲ್ಲ" ಎಂದರು. ಹೆತ್ತವರೇ ಹೀಗೆಂದ ಮೇಲೆ ಕೋರ್ಟಾದರೂ ಏನನ್ನು ಭಾವಿಸಬೇಕು? ತೊಂಬತ್ತಾರರಲ್ಲಿ ಮೂವರೂ ಬಿಡುಗಡೆಯಾದರು.

ಆ ಕೋರ್ಟಿನಲ್ಲಿ ಬೆಂಚ್ ಕ್ಲರ್ಕಾಗಿದ್ದವರು ತ್ಯಾಗರಾಜನಗರದ ಹನುಮಂತರಾಯಪ್ಪ. ಅರ್ಪಿತಳ ಅಪ್ಪ.

ಬಿಡುಗಡೆಯಾದ ದಿನ ಬೈರಣ್ಣ ಕೋರ್ಟಿನ ಸಿಬ್ಬಂದಿಗೆಲ್ಲ ಮೈಸೂರು ಪಾಕು ಹಂಚಿದ. ಹನುಮಂತರಾಯಪ್ಪನವರ ಮೇಜಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತು ಊರು, ಕುಲ, ಮನೆದೇವರು ವಿಚಾರಿಸಿದ. ಮನೆದೇವರು ಕೂಡಿ ಬಂತು. ಸುಟ್ಟು ಸತ್ತ ಹೆಣ್ಣಿನ ಫೋಟೋಗಳನ್ನು ಕೈಯಾರೆ ಕಡತಕ್ಕೆ ಹೊಲಿದಿದ್ದ ಮನುಷ್ಯ, ಆ ಕಡತದ ಆರೋಪಿಗೆ ತನ್ನ ಮಗಳನ್ನು ಕೊಡುವ ಮಾತಾಡಿಕೊಂಡು ಮನೆಗೆ ಬಂದರು. ಮಗಳಿಗೆ ತಂದ ಮೈಸೂರು ಪಾಕು ಕರವಸ್ತ್ರದ ಗಂಟಿನಲ್ಲಿತ್ತು. ಏನೆಂದು ತಿಳಿಯದೆ ಅರ್ಪಿತ ಅದನ್ನು ತಿಂದಿದ್ದಳು. ಆಮೇಲೆ ಎಷ್ಟೋ ವರ್ಷ ಅದನ್ನು ನೆನೆದಾಗೆಲ್ಲ ಅವಳ ಗಂಟಲಲ್ಲಿ ತುಪ್ಪದ ವಾಸನೆ ಏಳುತ್ತಿತ್ತು.

ಅಮ್ಮ ಮೀನಾಕ್ಷಮ್ಮ ಒಂದೇ ಒಂದು ಸಲ, "ಮೊದಲನೇದು ಸುಟ್ಕೊಂಡು ಸತ್ತಿರೋ ಮನೆ ಕಣ್ರೀ" ಎಂದಳು.

"ಅದಕ್ಕೇ ಕೊಡ್ತಿರೋದು" ಎಂದರು ಹನುಮಂತರಾಯಪ್ಪ, ಪೆದ್ದ ವಕೀಲನಿಗೆ ತಿಳಿಹೇಳುವಂತೆ. "ಒಂದ್ಸಲ ಕೈ ಸುಟ್ಕೊಂಡೋರು ಮತ್ತೆ ಒಲೆಗೆ ಕೈ ಹಾಕ್ತಾರಾ? ಬೇರೆ ಮನೆಗೆ ಕೊಟ್ರೆ ಇವತ್ತು ಸ್ಕೂಟರ್ ಅಂತಾರೆ, ನಾಳೆ ಸೈಟ್ ಅಂತಾರೆ. ಇವರು ಏಳು ವರ್ಷ ಕೆಮ್ಮೋಕೂ ಹೆದರ್ತಾರೆ. ಬೆಂಗಳೂರಲ್ಲೇ ಇಷ್ಟು ಸೇಫಾದ ಮನೆ ಇನ್ನೊಂದಿಲ್ಲ. ಸೆಕ್ಷನ್ ಇದೆ, ನಾನಿದ್ದೀನಿ. ಏಳು ವರ್ಷ ಆಗೋ ಹೊತ್ತಿಗೆ ಹೊಂದ್ಕೊಂಡಿರ್ತಾರೆ."

ಅಪ್ಪನಿಗೆ ತನ್ನ ಮೇಲೆ ಪ್ರೀತಿಯಿರಲಿಲ್ಲ ಎಂದು ಅರ್ಪಿತ ಯಾವತ್ತೂ ಅಂದುಕೊಳ್ಳಲಿಲ್ಲ. ಪ್ರೀತಿಯಿತ್ತು. ಆದರೆ ಮೂವತ್ತು ವರ್ಷ ಕೋರ್ಟಿನ ಧೂಳು ಕುಡಿದ ಮನುಷ್ಯನಿಗೆ ಎಲ್ಲ ಪ್ರೀತಿಯೂ ಒಂದು ಕೇಸಿನ ಹಾಗೇ ಕಾಣುತ್ತಿತ್ತು. ತೊಂಬತ್ತೇಳರ ಮೇ ತಿಂಗಳಲ್ಲಿ, ವೈಶಾಖ ಶುದ್ಧ ದಶಮಿಯ ದಿನ, ಬನಶಂಕರಿಯ ಒಂದು ಛತ್ರದಲ್ಲಿ ಮದುವೆಯಾಯಿತು. ಗಂಡಿನ ಕಡೆಯವರು ಒಂದು ಉಂಗುರವನ್ನೂ ಕೇಳಲಿಲ್ಲ. ನೆಂಟರೆಲ್ಲ ಹನುಮಂತರಾಯಪ್ಪನವರ ಬುದ್ಧಿವಂತಿಕೆಯನ್ನು ಹೊಗಳುತ್ತ ಎರಡೆರಡು ಸಲ ಹೋಳಿಗೆ ಹಾಕಿಸಿಕೊಂಡರು.

ಹೀಗೆ ಶುರುವಾಯಿತು ಜೋಪಾನ. ಬಾವಿಗೆ ಕಲ್ಲುಚಪ್ಪಡಿ ಹಾಕಿಸಿದರು. ಮಹಡಿಯ ಬಾಗಿಲಿಗೆ ಬೀಗ ಬಿತ್ತು, ಬೀಗದ ಕೈ ಸೊಣ್ಣಮ್ಮನ ಸೊಂಟಕ್ಕೆ. ಶಿವರಾಮ್ ಅವಳನ್ನು ಸ್ಕೂಟರಿನ ಹಿಂದೆ ಕೂರಿಸುತ್ತಿರಲಿಲ್ಲ, ಆಟೋದಲ್ಲೇ ಹೋಗಬೇಕು. ಸಣ್ಣ ಜ್ವರ ಬಂದರೆ ಮೂವರೂ ಎದ್ದುಬಿದ್ದು ದೊಡ್ಡ ಆಸ್ಪತ್ರೆಗೆ ಒಯ್ಯುತ್ತಿದ್ದರು. "ನಮ್ಮ ಸೊಸೆ ಡಾಕ್ಟ್ರೇ, ನೋಡಿ, ನಾವೇ ಕರ್ಕೊಂಡು ಬಂದಿದ್ದೀವಿ" ಎಂದು ಸೊಣ್ಣಮ್ಮ ಕೇಳದಿದ್ದರೂ ಹೇಳುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಯಾರೂ ಅವಳ ಮೇಲೆ ಕೈ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ. ಮಾತೂ ಆಡಲಿಲ್ಲ ಅನ್ನಿ. ಅವಳು ಕೋಣೆಗೆ ಬಂದರೆ ಮೂವರೂ ಅವಳ ಮುಖವನ್ನಲ್ಲ, ಕೈಕಾಲನ್ನು ನೋಡುತ್ತಿದ್ದರು, ಎಲ್ಲ ನೆಟ್ಟಗಿದೆಯೇ ಎಂದು. ಬಾಡಿಗೆಗೆ ತಂದ ಪಾತ್ರೆಯನ್ನು ವಾಪಸು ಕೊಡುವವರೆಗೆ ನೋಡಿಕೊಳ್ಳುವ ಹಾಗೆ.

ಮಗುವಿನ ವಿಷಯಕ್ಕೆ ಬಂದಾಗ ಈ ಹೇಸಿಗೆ ಇನ್ನೂ ಒಂದು ಕೈ ಮೇಲಾಯಿತು. ಹೆರಿಗೆಯಲ್ಲಿ ಹೆಣ್ಣು ಸಾಯುವುದುಂಟು. ಸತ್ತರೆ? ಹೆರಿಗೆಯಲ್ಲಿ ಸತ್ತರೆ ಸೆಕ್ಷನ್ ಅನ್ವಯಿಸುವುದಿಲ್ಲ ಎಂದು ಯಾವ ವಕೀಲನಾದರೂ ಹೇಳುತ್ತಿದ್ದ, ಆದರೆ ಸೊಣ್ಣಮ್ಮ ಯಾರನ್ನೂ ಕೇಳಲಿಲ್ಲ. ಜೈಲಿನ ತಟ್ಟೆ ಅವಳಿಗೆ ಸಾಕಷ್ಟು ಕಾನೂನು ಕಲಿಸಿತ್ತು. ಜಯನಗರ ನಾಲ್ಕನೇ ಬ್ಲಾಕಿನ ಮೆಡಿಕಲ್ ಸ್ಟೋರಿನಿಂದ ಶಿವರಾಮ್ ಬಸಿರಾಗದ ಗುಳಿಗೆ ತರುತ್ತಿದ್ದ. ರಾತ್ರಿ ಊಟವಾದ ಮೇಲೆ ಸೊಣ್ಣಮ್ಮ ಒಂದು ಲೋಟ ಹಾಲಿನ ಜೊತೆ ಗುಳಿಗೆ ಕೊಟ್ಟು, "ಬಾಯ್ ತೆಗಿ, ನೋಡೋಣ" ಎನ್ನುತ್ತಿದ್ದಳು. ನಾಲಿಗೆಯ ಕೆಳಗೂ ನೋಡುತ್ತಿದ್ದಳು.

"ಇನ್ನೆಷ್ಟು ದಿನ ಅತ್ತೆ?" ಎಂದು ಅರ್ಪಿತ ಕೇಳಿದರೆ, "ಏಳು ವರ್ಷ ಕಳೀಲಿ ತಾಯಿ, ಆಮೇಲೆ ನೋಡಣ" ಎಂಬ ಉತ್ತರ. ಊರಿಗೆ ಮಾತ್ರ, "ನಮ್ ಹಣೆಬರ, ಎರಡನೇದೂ ಬಂಜೆ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಅರ್ಪಿತಳಿಗೆ ತನ್ನ ಮೈಯ ಮೇಲೇ ಅಸಹ್ಯ ಹುಟ್ಟಿತ್ತು. ಆ ಮೈ ತನ್ನದಲ್ಲ, ಯಾವುದೋ ಕೋರ್ಟಿನಲ್ಲಿ ಮುಂದೆ ಹಾಜರುಪಡಿಸಲು ಇಟ್ಟಿರುವ ಸಾಮಾನು ಅನ್ನಿಸುತ್ತಿತ್ತು.

ಆ ಮನೆಯಲ್ಲಿ ಅವಳನ್ನು ಮನುಷ್ಯಳೆಂದು ಮಾತಾಡಿಸಿದವಳು ಒಬ್ಬಳೇ. ಹಿಂದಿನ ಸಾಲುಮನೆಯಲ್ಲಿ ಬಾಡಿಗೆಗಿದ್ದ ಮಧುಮತಿ, ಬಾದಾಮಿ ಕಡೆಯವಳು, ಜಯನಗರದ ಒಂದು ಆಫೀಸಿನಲ್ಲಿ ಕೆಲಸ. "ಅಕ್ಕಾರ, ನೀವ್ಯಾಕ ಹಿಂಗ ಗೊಂಬಿ ಕುಂತಂಗ ಕುಂತಿರ್ತೀರಿ? ಏನರ ಓದ್ರಿ, ಹೊರಗರ ಬರ್ರಿ" ಎನ್ನುತ್ತಿದ್ದಳು. ಆಮೇಲೆ ಆಫೀಸಿಗೆ ಹತ್ತಿರವಾಗುತ್ತದೆಂದು ಬಿಟಿಎಂ ಲೇಔಟಿಗೆ ಮನೆ ಬದಲಾಯಿಸಿದಳು. ಹೋಗುವಾಗ, "ಯಾವಾಗರ ಬರ್ರಿ, ಕೇಳಿ ಬರೂದೇನಿಲ್ಲ" ಎಂದು ವಿಳಾಸ ಹೇಳಿ ಹೋದಳು.

ಎರಡು ಸಾವಿರದ ನಾಲ್ಕರ ಸಂಕ್ರಾಂತಿ ಕಳೆದ ಮೇಲೆ ಮದುವೆಯ ಬ್ರೋಕರ್ ಸೀನು ಮನೆಗೆ ಬರತೊಡಗಿದ. ಒಂದು ಮಧ್ಯಾಹ್ನ ಅರ್ಪಿತ ಒಳಕೋಣೆಯಲ್ಲಿ ಮಲಗಿದ್ದಾಳೆಂದು ತಿಳಿದು ಸೊಣ್ಣಮ್ಮ ಜಗಲಿಯಲ್ಲಿ ಅವನ ಜೊತೆ ಮಾತಾಡುತ್ತಿದ್ದಳು.

"ಹುಡುಗಿ ಕಡೆಯೋರು ಕಾಯ್ತಾರಾ?"

"ಕಾಯ್ತಾರೆ ಸೊಣ್ಣಮ್ಮಕ್ಕ. ಆದ್ರೆ ಈಗಿರೋಳನ್ನ ಏನ್ ಮಾಡ್ತೀರ?"

"ವೈಶಾಖಕ್ಕೆ ಏಳು ತುಂಬುತ್ತೆ. ಆಮೇಲೆ ಹೋದ್ರೆ ಸರಿ. ಹೋಗಲ್ಲ ಅಂದ್ರೆ ಅವಳ ಹಣೆಬರ. ಇಷ್ಟು ವರ್ಷ ಅಂಗೈಲಿ ಇಟ್ಕೊಂಡು ಸಾಕಿದ್ದೀವಿ, ಇನ್ನೇನ್ ಮಾಡೋಕಾಗುತ್ತೆ?"

ಅರ್ಪಿತ ಎದ್ದು ಕೂತಳು. ಇಷ್ಟು ವರ್ಷವೂ ಒಂದು ಪ್ರಶ್ನೆಯನ್ನು ಅವಳು ಯಾರಲ್ಲೂ ಕೇಳಿರಲಿಲ್ಲ, ತನ್ನನ್ನೂ ಕೇಳಿಕೊಂಡಿರಲಿಲ್ಲ. ನಾಗವೇಣಿಯ ಸ್ಟವ್ ತಾನಾಗಿ ಸಿಡಿಯಿತೇ? ಉತ್ತರ ಗೊತ್ತಾದರೆ ಆ ಮನೆಯ ಅನ್ನ ಇಳಿಯುವುದಿಲ್ಲವೆಂದು ಕೇಳದೆ ಇದ್ದಳು. ಈಗ ಕೇಳದೆಯೂ ಇಳಿಯುವಂತಿರಲಿಲ್ಲ.

ಶಿವರಾತ್ರಿಗೆಂದು ತ್ಯಾಗರಾಜನಗರಕ್ಕೆ ಹೋದವಳು ಅಪ್ಪನ ಮುಂದೆ ಎಲ್ಲವನ್ನೂ ಹೇಳಿದಳು. ಹನುಮಂತರಾಯಪ್ಪ ಅಷ್ಟು ಹೊತ್ತಿಗೆ ನಿವೃತ್ತರಾಗಿದ್ದರು. ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಾಡಿಸುತ್ತ ಪೂರ್ತಿ ಕೇಳಿದರು.

"ಅದಿರ್ಲಿ, ಬಾಯ್ಬಿಟ್ಟು ಏನಾದ್ರೂ ಕೇಳಿದ್ರಾ? ಸೈಟು, ಒಡವೆ, ಏನಾದ್ರೂ?"

"ಇಲ್ಲ."

"ಛೆ! ಒಂದ್ಸಲಾನೂ ಇಲ್ವಾ?" ಅವರ ಮುಖ ನಿಜವಾಗಿಯೂ ಬಾಡಿತು. "ಕೇಳದೆ ಇದ್ರೆ ಕೇಸ್ ನಿಲ್ಲಲ್ಲಮ್ಮ. ಬರೀ ಏಳು ವರ್ಷ ಅಂದ್ರೆ ಸಾಲ್ದು. ಸಾಯೋಕೆ ಸ್ವಲ್ಪ ಮುಂಚೆ ಕೇಳಿ ಪೀಡಿಸಿರ್ಬೇಕು, ಅದನ್ನ ನೆಂಟರಲ್ಲದೋರು ಒಬ್ಬರು ನೋಡಿರ್ಬೇಕು. ಅದಕ್ಕೇ ಅಲ್ವಾ ನಾನು ಪ್ರತಿ ಗೌರಿಹಬ್ಬಕ್ಕೂ ಬಾಗಿನ ತರುವಾಗ ಹೊರಗಿನೋರನ್ನ ಒಬ್ಬರನ್ನ ಜೊತೇಲಿ ಕರ್ಕೊಂಡು ಬರ್ತಿದ್ದಿದ್ದು."

ಅರ್ಪಿತಳಿಗೆ ಥಟ್ಟನೆ ಅರ್ಥವಾಗಲಿಲ್ಲ. ಹೌದು, ಬರುತ್ತಿದ್ದರು. ಒಂದು ವರ್ಷ ಪೋಸ್ಟ್ ಮಾಸ್ಟರು, ಒಂದು ವರ್ಷ ಎದುರುಮನೆಯ ಬ್ಯಾಂಕಿನವರು, ಹೋದ ವರ್ಷ ನಿವೃತ್ತ ಮುಖ್ಯೋಪಾಧ್ಯಾಯಿನಿ ಶಾಂತಾದೇವಿ. ಅಪ್ಪನ ಕಡೆಯವರು ತನ್ನನ್ನು ನೋಡಲು ಬರುತ್ತಾರೆಂದು ಅವಳು ಹಿಗ್ಗಿ ಹೋಗುತ್ತಿದ್ದಳು. ಬಂದವರಿಗೆಲ್ಲ ಕೋಡುಬಳೆ ಕಟ್ಟಿಕೊಡುತ್ತಿದ್ದಳು. ಅವರೆಲ್ಲ ತನ್ನ ಸಾವಿನ ಸಾಕ್ಷಿಗಳು! ತವರಿನ ಬಾಗಿನದ ಮೊರವನ್ನು ಸೆರಗಿನಿಂದ ಹಿಡಿದು ತಾನು ಕಾಲಿಗೆ ಬೀಳುವಾಗ, ಅವರು ತನ್ನ ಮೈಮೇಲೆ ಗಾಯ ಹುಡುಕುತ್ತಿದ್ದರು.

"ಅಪ್ಪ, ನಾನು ಇಲ್ಲೇ ಇದ್ದುಬಿಡ್ಲಾ?"

"ಇಲ್ಲಿಗೆ ಬಂದ್ಬಿಟ್ರೆ ನಮ್ಮ ಬಲಾನೇ ಹೋಯ್ತಲ್ಲಮ್ಮ. ಗಂಡನ ಮನೇಲಿರ್ಬೇಕು ನೀನು. ಸ್ವಲ್ಪ ತಡ್ಕೋ, ವೈಶಾಖದಲ್ಲಿ ನಾನೇ ಬರ್ತೀನಿ. ಒಂದು ಉಪಾಯ ಇದೆ."

"ನಿಮ್ಮಪ್ಪ ಎಲ್ಲ ಯೋಚ್ನೆ ಮಾಡಿರ್ತಾರೆ ಕಣೆ" ಎಂದು ಮೀನಾಕ್ಷಮ್ಮ ಮಗಳ ತಲೆ ಸವರಿದಳು. ಹೆತ್ತ ಕೈ. ಅರ್ಪಿತ ಮೆಲ್ಲಗೆ ತಲೆ ಸರಿಸಿಕೊಂಡಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದು ಕೇಳಿದ್ದಳು, ಆದರೆ ಉಸಿರಾಡುತ್ತಿರುವಾಗಲೇ ಲೆಕ್ಕದಿಂದಲೂ ಹೊರಗೆ ಎಂದು ಗೊತ್ತಿರಲಿಲ್ಲ. ಆದರೂ ಅಪ್ಪನ ಉಪಾಯದ ಮೇಲೆ ಒಂದು ಎಳೆ ಆಸೆ ಉಳಿಸಿಕೊಂಡು ಹುಳಿಮಾವಿಗೆ ವಾಪಸಾದಳು. ಬದುಕುವ ಆಸೆ ಅಷ್ಟು ನಾಚಿಕೆಗೆಟ್ಟದ್ದು.

ಆ ವರ್ಷ ವೈಶಾಖ ಬೇಗ ಬಂತು. ಚುನಾವಣೆಯ ಪೋಸ್ಟರುಗಳು ಇನ್ನೂ ಗೋಡೆಯ ಮೇಲಿದ್ದವು. ಶುದ್ಧ ದಶಮಿಯ ದಿನ ಸೊಣ್ಣಮ್ಮ ಮನೆಮುಂದೆ ಶಾಮಿಯಾನ ಹಾಕಿಸಿ, ಸತ್ಯನಾರಾಯಣ ಪೂಜೆ ಮಾಡಿಸಿ, ಊರಿಗೆಲ್ಲ ಊಟ ಹಾಕಿದಳು. ಏಳು ವರ್ಷದಲ್ಲಿ ಅವಳ ಮುಖದಲ್ಲಿ ಅಂಥ ಗೆಲುವನ್ನು ಅರ್ಪಿತ ಕಂಡಿರಲಿಲ್ಲ. ಕಂದಾಯ ಕಟ್ಟಿ ಮುಗಿಸಿದವರ ಗೆಲುವು ಅದು. ಬಂದವರೆಲ್ಲ "ಮದುವೆ ವರ್ಧಂತಿ ಇಷ್ಟು ಗ್ರ್ಯಾಂಡಾಗಿ ಮಾಡೋ ಅತ್ತೆ ಎಲ್ಲಿ ಸಿಕ್ತಾರೆ" ಎಂದು ಎಲೆಯಡಿಕೆ ಹಾಕಿಕೊಂಡು ಹೋದರು. ಹನುಮಂತರಾಯಪ್ಪ, ಮೀನಾಕ್ಷಮ್ಮ ಬಂದರು. ಜೊತೆಯಲ್ಲಿ ಶಾಂತಾದೇವಿ.

ಊಟ ಮುಗಿದು ಊರಿನವರು ಕರಗಿದ ಮೇಲೆ ನಡುಮನೆಯಲ್ಲಿ ಬೀಗರು ಎದುರುಬದುರು ಕೂತರು. ಅರ್ಪಿತ ತಾಂಬೂಲದ ತಟ್ಟೆ ಹಿಡಿದು ಬಾಗಿಲ ಬಳಿ ನಿಂತಿದ್ದಳು. ಶಾಂತಾದೇವಿ ಇರುವುದನ್ನು ಸೊಣ್ಣಮ್ಮ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಯಾಕೆ ತೆಗೆದುಕೊಳ್ಳಬೇಕು? ಹೊಳೆ ದಾಟಿಯಾಗಿತ್ತಲ್ಲ.

"ಬೀಗ್ರೇ, ಏಳು ವರ್ಷ ತುಂಬ್ತು. ಇನ್ನು ಮನಸಲ್ಲಿರೋದು ಹೇಳ್ಬೋದು" ಎಂದು ಸೊಣ್ಣಮ್ಮ ಕಾಲು ನೀಡಿ ಕೂತಳು. "ನಿಮ್ ಮಗಳ ಹೊಟ್ಟೇಲಿ ಒಂದು ಹುಳ ಹುಟ್ಲಿಲ್ಲ. ನನ್ ಮಗನ ವಂಶ ನಿಂತೋಯ್ತು. ಆದ್ರೂ ನಾವು ತುಟಿ ಬಿಚ್ಚಲಿಲ್ಲ. ಬನಶಂಕರೀಲಿ ನಿಮ್ದೊಂದು ಸೈಟ್ ಇದ್ಯಲ್ಲ, ಅದನ್ನ ಅಳಿಯನ ಹೆಸರಿಗೆ ಮಾಡ್ಕೊಡಿ, ಅವಳಿರ್ಲಿ. ಆಗಲ್ವಾ, ಕರ್ಕೊಂಡು ಹೋಗಿ, ಬೇರೆ ಹೆಣ್ಣು ತರ್ತೀವಿ. ಕರ್ಕೊಂಡೂ ಹೋಗಲ್ಲ ಅಂದ್ರೆ ಮುಂದೆ ಈ ಮನೇಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಮ್ಮನ್ನ ಕೇಳ್ಬೇಡಿ."

ಬಾಯಿ ತೆಗೆಸಿ ನಾಲಿಗೆಯಡಿ ಗುಳಿಗೆ ಹುಡುಕಿದ ಹೆಂಗಸು ವಂಶದ ಮಾತಾಡುತ್ತಿದ್ದಳು! ಅರ್ಪಿತ ಅಪ್ಪನ ಮುಖ ನೋಡಿದಳು. ಈಗ ಸಿಟ್ಟು ಬರುತ್ತದೆ, ಈಗ ಎದ್ದು ನಿಂತು ಕೈ ಹಿಡಿದು ನಡೆಯಮ್ಮ ಎನ್ನುತ್ತಾರೆ.

ಹನುಮಂತರಾಯಪ್ಪನವರ ಮುಖ ಹಬ್ಬವಾಗಿತ್ತು.

"ಮೇಡಂ, ಕೇಳಿಸ್ತಲ್ಲ?" ಎಂದು ಅವರು ಶಾಂತಾದೇವಿಯ ಕಡೆ ತಿರುಗಿದರು. ಆಯಮ್ಮ ಗಾಬರಿಯಿಂದ ತಲೆಯಾಡಿಸಿದಳು. "ಸರಿ. ಸೊಣ್ಣಮ್ಮೋರೆ, ಮದುವೆ ಆಗಿದ್ದು ಯಾವಾಗ?"

"ವೈಶಾಖ ಶುದ್ಧ ದಶಮಿ. ಇವತ್ತಿಗೆ ಸರಿಯಾಗಿ ಏಳು."

"ಅದು ನಿಮ್ಮ ಪಂಚಾಂಗಕ್ಕೆ. ಕೋರ್ಟಿಗೆ ಪಂಚಾಂಗ ಗೊತ್ತಿಲ್ಲ. ಇಂಗ್ಲಿಷ್ ಕ್ಯಾಲೆಂಡರಲ್ಲಿ ಮದುವೆ ಆಗಿದ್ದು ಮೇ ತಿಂಗಳ ನಡುವೆ. ಗೋಡೆ ಮೇಲೆ ನೋಡಿ, ಇನ್ನೂ ಏಪ್ರಿಲ್!" ಅವರು ತೊಡೆ ತಟ್ಟಿಕೊಂಡರು. "ಈ ವರ್ಷ ತಿಥಿ ಮುಂದೆ ಬರುತ್ತೆ ಅಂತ ನಂಗೆ ಸಂಕ್ರಾಂತಿಗೇ ಗೊತ್ತಿತ್ತು. ಬೇಕೂಂತಲೇ ಬಾಯ್ಬಿಡ್ಲಿಲ್ಲ. ಏಳು ವರ್ಷ ಮುಗಿದಿಲ್ಲ. ನೀವಾಗೇ ಸೈಟ್ ಕೇಳಿದ್ದೀರ. ಹೊರಗಿನ ಸಾಕ್ಷಿ ಕೂತಿದ್ದಾರೆ. ಇನ್ನೇನು ಬೇಕ್ರೀ? ಇನ್ನೆರಡು ವಾರದಲ್ಲಿ ನನ್ನ ಮಗಳಿಗೆ ಏನಾದ್ರೂ ಆಗ್ಲಿ, ಮೂರು ಜನಾನೂ ಒಳಗೆ. ಈ ಸಲ ಸೈಟ್ ಕೊಟ್ರೂ ಬಿಡಿಸ್ಕೊಳ್ಳೋಕಾಗಲ್ಲ!"

ಬೈರಣ್ಣನ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು. ಸೊಣ್ಣಮ್ಮ ನೀಡಿದ್ದ ಕಾಲನ್ನು ಎಳೆದುಕೊಂಡು ಎದ್ದವಳೇ, "ಅಯ್ಯೋ, ನಾನು ತಮಾಷೆಗಂದೆ ಕಣಪ್ಪ. ಶೆಕೆ ನೋಡು, ಮಗು ಎಷ್ಟೊತ್ತಿಂದ ನಿಂತಿದೆ. ಕೂತ್ಕೊಳ್ಳೆ ತಾಯಿ, ಮಜ್ಜಿಗೆ ತರ್ತೀನಿ" ಎಂದು ಅರ್ಪಿತಳ ಕೈಯ ತಟ್ಟೆಗೆ ಕೈ ಹಾಕಿದಳು.

ಅರ್ಪಿತ ತಟ್ಟೆ ಬಿಡಲಿಲ್ಲ. ಅವಳಿಗೆ ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಏಳು ವರ್ಷದೊಳಗೆ, ಇದೆ. ಬೇಡಿಕೆ, ಇದೆ. ಸಾಕ್ಷಿ, ಇದೆ. ಅಪ್ಪನ ಕೇಸಿನಲ್ಲಿ ಯಾವ ಕೊರತೆಯೂ ಇಲ್ಲ, ಒಂದು ಹೆಣದ ಹೊರತು. ಆ ಹೆಣ ಇಲ್ಲಿ ತಾಂಬೂಲದ ತಟ್ಟೆ ಹಿಡಿದು ನಿಂತಿದೆ.

"ಇನ್ನು ಹೆದ್ರಬೇಡಮ್ಮ" ಎಂದರು ಹನುಮಂತರಾಯಪ್ಪ. "ಆರಾಮಾಗಿ ಇಲ್ಲೇ ಇರು. ಕೂದಲು ಕೊಂಕಿಸೋಕೂ ಹೆದರ್ತಾರೆ."

"ಅಪ್ಪ, ನಾನೀಗ ಸಾಯ್ಬೇಕಾ?"

"ಛೀ, ಬಿಡ್ತು ಅನ್ನು."

"ಅನ್ನಲ್ಲ. ಎರಡು ವಾರದೊಳಗೆ ಸತ್ರೆ ನೀವು ಗೆಲ್ತೀರ. ಆಮೇಲೆ ಸತ್ರೆ ಅವರು ಗೆಲ್ತಾರೆ. ಸಾಯದೇ ಇದ್ರೆ ನಾನು ಯಾರಿಗೆ ಬೇಕು?" ಅವಳ ದನಿ ಏರಲಿಲ್ಲ, ಆದರೆ ತಟ್ಟೆಯನ್ನು ಕೆಳಗೆ ಬಿಟ್ಟಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ ನಡುಮನೆಯ ತುಂಬ ಉರುಳಿದವು. "ಇವರಾದ್ರೂ ವಾಸಿ. ನನ್ನ ಬದುಕಿಸ್ಕೊಂಡು ಕಾದ್ರು. ನೀವು ಸಾಯಲಿ ಅಂತ ಸಾಕ್ಷಿ ಕರ್ಕೊಂಡು ಬಂದ್ರಿ. ನಿಮ್ಮಿಬ್ಬರ ಮನೇದೂ ಒಂದೇ ನಾತ."

ಶಾಂತಾದೇವಿ ಮುಖಕ್ಕೆ ಸೆರಗು ಹಿಡಿದಳು. ಹನುಮಂತರಾಯಪ್ಪ ಬಗ್ಗಿ ಉರುಳಿದ ಅಡಿಕೆ ಆಯತೊಡಗಿದರು. ಬಹುಶಃ ಅವಳ ಮಾತಿಗೆ ಯಾವ ಸೆಕ್ಷನ್ನೂ ಇರಲಿಲ್ಲ. ಅರ್ಪಿತ ಕೋಣೆಗೆ ಹೋಗಿ ಒಂದು ಚೀಲ ತೆಗೆದುಕೊಂಡು ಬಂದು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೇ?" ಎಂದು ಮೀನಾಕ್ಷಮ್ಮ ಅಡ್ಡ ಬಂದಳು. "ನಮ್ಮನೆಗೆ ತಾನೆ?"

"ನಿಮ್ಮನೆಗಲ್ಲ."

ಗೇಟು ದಾಟುವಾಗ ಹಿಂದಿನಿಂದ ಸೊಣ್ಣಮ್ಮನ ಕೂಗು ಕೇಳಿಸಿತು. "ಲೇ ಶಿವರಾಮ, ಓಡೋ ಹಿಂದೆ! ರೋಡಲ್ಲಿ ಲಾರಿ ಗೀರಿ ಇರುತ್ತೆ, ಏನಾದ್ರೂ ಆಗೋದ್ರೆ ನಾವು ಕೆಟ್ವಿ!"

ಬನ್ನೇರುಘಟ್ಟ ರಸ್ತೆಯಲ್ಲಿ ಜಲ್ಲಿ ತುಂಬಿದ ಟಿಪ್ಪರುಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಬಸ್ ಸ್ಟಾಪು ಆಚೆ ಬದಿಗಿತ್ತು. ಶಿವರಾಮ್ ಏದುಸಿರು ಬಿಡುತ್ತ ಓಡಿಬಂದು ಅವಳ ಪಕ್ಕ ಸೇರಿಕೊಂಡ. ಒಂದು ಕೈ ಅಡ್ಡ ಹಿಡಿದು ಟಿಪ್ಪರು ನಿಲ್ಲಿಸಿದ, ಇನ್ನೊಂದು ಕೈಯಲ್ಲಿ ಅವಳನ್ನು ಮುಟ್ಟಿಯೂ ಮುಟ್ಟದಂತೆ ಕಾಪಾಡಿಕೊಂಡು ನಡುರಸ್ತೆ ದಾಟಿಸಿದ. ಟಿಪ್ಪರಿನ ಡ್ರೈವರು "ಏನ್ ಗುರು, ಹೊಸಾ ಜೋಡೀನಾ?" ಎಂದು ನಕ್ಕ. ಏಳು ವರ್ಷದಲ್ಲಿ ಗಂಡ ಅವಳಿಗಾಗಿ ರಸ್ತೆಗಿಳಿದದ್ದು ಅದೇ ಮೊದಲು.

ಸ್ಟಾಪಿನಲ್ಲಿ ನಿಂತ ಮೇಲೆ ಅವನು ಕೈ ಮುಗಿದ. "ದಮ್ಮಯ್ಯ ಅಂತೀನಿ, ಈಗ ಹೋಗ್ಬೇಡ. ಮೇ ತಿಂಗಳು ಮುಗೀಲಿ, ಆಮೇಲೆ ಎಲ್ಲಿಗಾದ್ರೂ ಹೋಗು. ನಾನೇ ಆಟೋ ಮಾಡ್ಕೊಡ್ತೀನಿ."

ಅರ್ಪಿತ ಅವನನ್ನು ನೋಡಿದಳು. ಕೆಟ್ಟ ಮುಖವಲ್ಲ. ಯಾವ ಮದುವೆಯ ಫೋಟೋದಲ್ಲಾದರೂ ಸಿಗುವ ಮುಖ. ಇಷ್ಟು ವರ್ಷ ನುಂಗಿಕೊಂಡಿದ್ದ ಪ್ರಶ್ನೆ ತಾನಾಗಿ ಬಾಯಿಗೆ ಬಂತು.

"ನಾಗವೇಣೀನ ಯಾವತ್ತಾದ್ರೂ ಹಿಂಗೆ ರೋಡ್ ದಾಟಿಸಿದ್ರಾ?"

ಶಿವರಾಮ್ ಹಣೆಯ ಬೆವರು ಒರೆಸಿಕೊಂಡ. ದೂರದಲ್ಲಿ ಬರುತ್ತಿದ್ದ ಮಾರ್ಕೆಟ್ ಬಸ್ಸನ್ನೇ ನೋಡುತ್ತಿದ್ದ. ಮನಸ್ಸೆಲ್ಲ ಆ ಎರಡು ವಾರದ ಮೇಲಿತ್ತು, ನಾಲಿಗೆಯ ಮೇಲಿರಲಿಲ್ಲ.

"ಅವಳ ಕಾಲಕ್ಕೆ ನಮ್ಗೆ ಈ ಏಳು ವರ್ಷದ್ದೆಲ್ಲ ಎಲ್ಲಿ ಗೊತ್ತಿತ್ತು ಕಣೆ" ಎಂದ.

ಹೇಳಿದ ಮೇಲೂ ಅವನಿಗೆ ತಾನು ಏನು ಹೇಳಿದೆ ಎಂದು ತಿಳಿಯಲಿಲ್ಲ. ಕೈ ಇನ್ನೂ ಮುಗಿದೇ ಇತ್ತು. ಬಸ್ಸು ಬಂದು ನಿಂತಿತು. ಅರ್ಪಿತಳ ಹೊಟ್ಟೆಯೊಳಗಿನಿಂದ ಆ ಮನೆಯ ಮಧ್ಯಾಹ್ನದ ಹೋಳಿಗೆ ಗಂಟಲಿಗೆ ನುಗ್ಗಿತು. ಅವಳು ಮೋರಿಯ ಕಡೆ ಬಗ್ಗಿ ಎಲ್ಲವನ್ನೂ ಕಕ್ಕಿದಳು. ಶಿವರಾಮ್ ಗಾಬರಿಯಾಗಿ "ಡಾಕ್ಟರ ಹತ್ರ ಹೋಗೋಣ, ನಡಿ, ಡಾಕ್ಟರ ಹತ್ರ" ಎಂದು ಬಡಬಡಿಸತೊಡಗಿದ. ಅವಳು ಬಾಯಿ ಒರೆಸಿಕೊಂಡು, ಅವನ ಮುಗಿದ ಕೈಯ ಮೇಲೆ ಉಗಿದು, ಬಸ್ಸು ಹತ್ತಿ ಮಧುಮತಿಯ ಬಿಟಿಎಂ ಲೇಔಟಿಗೆ ಎಲ್ಲಿ ಇಳಿಯಬೇಕೆಂದು ಕಂಡಕ್ಟರನ್ನು ಕೇಳಿದಳು.